ದಡ ಕುಸಿಯಲಿ ಬಿಡಿ: ಒಂದು ಕೊರಕಲು ಹಳ್ಳದ ರಿಪೇರಿ

200 ಮೀಟರ್ ಉದ್ದದ ಈ ಹಳ್ಳದ ತುಂಡನ್ನು ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು. "ಎರಡೂ ಕಡೆ ಕಲ್ಲಿನ ಗೋಡೆ ಎಬ್ಬಿಸಿ, ಮುಗೀತು." ದಡ ಕುಸಿದು ಬೀಳುತ್ತಿತ್ತು, ನಿಜ. ಪ್ರತಿ ಮಳೆಗೂ ಒಂದಿಷ್ಟು ಮಣ್ಣು ಹುಲ್ಲಿನ ಸಮೇತ ನೀರಿಗೆ ಜಾರುತ್ತಿತ್ತು. ಆದರೆ ಗೋಡೆ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಬೇಕಿತ್ತು. ದಡ ಯಾಕೆ ಕುಸಿಯುತ್ತಿದೆ? ಉತ್ತರ ದಡದಲ್ಲಿರಲಿಲ್ಲ, ತಳದಲ್ಲಿತ್ತು. ತಳ ಇಳಿದಿದ್ದರಿಂದ ದಡ ಎತ್ತರವಾಗಿತ್ತು. ಮಣ್ಣು ತನ್ನ ಭಾರ ತಾನೇ ತಡೆಯಲಾರದಷ್ಟು ಎತ್ತರ.

ಹಳ್ಳಕ್ಕೆ ಆಗಿದ್ದು ಮೂರು ಪೆಟ್ಟು. ಹಿಂದೆ ಯಾವಾಗಲೋ ಇದನ್ನು ನೇರ ಮಾಡಿದ್ದಾರೆ. ಹಳೆಯ ತಿರುವುಗಳ ಗುರುತು ಪಕ್ಕದ ಬಯಲಿನಲ್ಲಿ ತಗ್ಗಾಗಿ ಇನ್ನೂ ಕಾಣುತ್ತದೆ. ಅವನ್ನು ಹಿಡಿದು ಟೇಪು ಎಳೆದರೆ 270 ಮೀಟರ್ ಬಂತು. ಅಂದರೆ ಅಷ್ಟೇ ಇಳಿತವನ್ನು ನೀರು ಈಗ 200 ಮೀಟರಿನಲ್ಲೇ ಇಳಿಯುತ್ತಿದೆ. ಎರಡನೆಯದು, ಕೆಳತುದಿಯಲ್ಲಿ ರಸ್ತೆಗೆ ಮೋರಿ ಕೂರಿಸುವಾಗ ತಳವನ್ನು ಅಗೆದು ಇಳಿಸಿದ್ದರು. ಮೂರನೆಯದು, ಮೇಲಿನ ಇಳಿಜಾರಿನಲ್ಲಿ ಮರ ಹೋಗಿ ಚಾವಣಿ, ರಸ್ತೆ, ಚರಂಡಿ ಬಂದವು. ಮೊದಲು ಮಣ್ಣಿನಲ್ಲಿ ಇಂಗಿ ನಿಧಾನವಾಗಿ ಬರುತ್ತಿದ್ದ ನೀರು ಈಗ ಮಳೆ ನಿಲ್ಲುವ ಮೊದಲೇ ಹಳ್ಳಕ್ಕೆ ಬಂದು ಬೀಳುತ್ತದೆ.

ಎಮೊರಿ ಲೇನ್ ಎಂಬ ಎಂಜಿನಿಯರ್ 1955ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟರು. ಒಂದು ಕಡೆ ಹೂಳಿನ ಪ್ರಮಾಣ ಮತ್ತು ಅದರ ಕಣದ ಗಾತ್ರ. ಇನ್ನೊಂದು ಕಡೆ ನೀರಿನ ಪ್ರಮಾಣ ಮತ್ತು ಇಳಿಜಾರು. ಒಂದು ಕಡೆ ಏರುಪೇರಾದರೆ ಹಳ್ಳ ತಳವನ್ನು ಕೊರೆದೋ ತುಂಬಿಕೊಂಡೋ ಸರಿದೂಗಿಸುತ್ತದೆ. ಇಲ್ಲಿ ನೀರೂ ಹೆಚ್ಚಿದೆ, ಇಳಿಜಾರೂ ಹೆಚ್ಚಿದೆ. ಚಾವಣಿ, ಡಾಂಬರಿನ ಮೇಲಿಂದ ಬರುವ ನೀರಿನಲ್ಲಿ ಹೂಳು ಕಡಿಮೆ. ಹಾಗಾಗಿ ಬೇಕಾದ ಹೂಳನ್ನು ಅದು ಹಳ್ಳದ ತಳದಿಂದಲೇ ಕಿತ್ತುಕೊಳ್ಳುತ್ತದೆ.

ಹೀಗೆ ಕೆಟ್ಟ ಹಳ್ಳಗಳು ಮುಂದೆ ಹೋಗುವ ದಾರಿಯೂ ಬಹುಮಟ್ಟಿಗೆ ಗೊತ್ತಿರುವುದೇ. ಸ್ಟ್ಯಾನ್ಲಿ ಶಮ್ ಎಂಬ ಭೂರೂಪ ವಿಜ್ಞಾನಿ ಮತ್ತು ಜೊತೆಗಾರರು 1984ರಲ್ಲಿ ಅದನ್ನು ಐದು ಹಂತಗಳಾಗಿ ವಿವರಿಸಿದ್ದಾರೆ. ಮೊದಲು ಆರೋಗ್ಯವಾಗಿದ್ದ ಹಳ್ಳ. ಆಮೇಲೆ ತಳ ಕೊರೆಯುತ್ತದೆ. ಆಳ ಜಾಸ್ತಿಯಾದಾಗ ದಡ ಕುಸಿದು ಹಳ್ಳ ಅಗಲವಾಗುತ್ತದೆ. ಅಗಲವಾದ ಮೇಲೆ ನೀರಿನ ರಭಸ ತಗ್ಗಿ ಹೂಳು ನಿಲ್ಲುತ್ತದೆ. ಕೊನೆಗೆ ಹಳೆಯ ಕೊರಕಲಿನೊಳಗೇ, ಕೆಳಮಟ್ಟದಲ್ಲಿ, ಹೊಸ ಚಿಕ್ಕ ಹಳ್ಳವೂ ಅದರ ಅಕ್ಕಪಕ್ಕ ನೆರೆಬಯಲೂ ತಯಾರಾಗುತ್ತವೆ. ನಮ್ಮ ತುಂಡು ಮೂರನೇ ಹಂತದಲ್ಲಿತ್ತು. ಈಗ ಗೋಡೆ ಕಟ್ಟಿದರೆ ಅದನ್ನು ಆ ಹಂತದಲ್ಲೇ ಕಟ್ಟಿಹಾಕಿದಂತೆ. ಅಗಲವಾಗಲು ಬಿಡದಿದ್ದರೆ ನೀರು ಮತ್ತೆ ತಳವನ್ನೇ ಕೊರೆಯುತ್ತದೆ, ಗೋಡೆಯ ಬುಡ ಕಳಚುತ್ತದೆ. ಆದ್ದರಿಂದ ನಾವು ತೀರ್ಮಾನಿಸಿದ್ದು ಇಷ್ಟು: ತಳ ಇನ್ನು ಇಳಿಯಬಾರದು, ದಡ ಮಾತ್ರ ಕುಸಿಯಲಿ. ಎಲ್ಲಿ ಕುಸಿಯಬೇಕು ಅನ್ನೋದನ್ನು ನಾವು ಹೇಳೋಣ.

ಅಳತೆ

ದುಬಾರಿ ಉಪಕರಣ ಏನೂ ಬೇಕಿರಲಿಲ್ಲ. ನೀರು ತುಂಬಿದ ಪಾರದರ್ಶಕ ಪೈಪು, ಎರಡು ಅಳತೆಕೋಲು, ಟೇಪು, ಹುರಿ, ಸ್ಕೇಲು. ಪೈಪಿನ ಎರಡೂ ತುದಿಯಲ್ಲಿ ನೀರಿನ ಮಟ್ಟ ಒಂದೇ ಇರುತ್ತದೆ ಅನ್ನೋದೇ ಇಡೀ ಸರ್ವೆಯ ಆಧಾರ. ಒಳಗೆ ಗಾಳಿಗುಳ್ಳೆ ಇರದಂತೆ ನೋಡಿಕೊಂಡರೆ ಸಾಕು, ಅರ್ಧ ಸೆಂಟಿಮೀಟರ್ ಒಳಗೇ ಲೆಕ್ಕ ಸಿಗುತ್ತದೆ.

ಮೊದಲು ಮೇಲಕ್ಕೆ ನಡೆದೆವು. ಕೆಟ್ಟ ತುಂಡಿನ ಮೇಲುಗಡೆ, ಇನ್ನೂ ಕೊರೆತ ಮುಟ್ಟದ ಜಾಗವೊಂದು ಉಳಿದಿತ್ತು. ಹಳ್ಳ ಹೇಗಿರಬೇಕು ಎಂದು ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ದಡತುಂಬ ಹರಿವಿನ ಗುರುತು ಹುಡುಕಿದೆವು. ಹಳ್ಳದ ಪಾತ್ರವನ್ನು ನೀರು ರೂಪಿಸುವುದು ಹೆಚ್ಚಾಗಿ ಆ ಮಟ್ಟದಲ್ಲೇ. ಬಹಳ ಕಡೆ ಅಷ್ಟು ನೀರು ಒಂದೆರಡು ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಗುರುತು ಸಿಗುವುದು ಹೀಗೆ: ಜಲ್ಲಿಯ ದಿಬ್ಬದ ನೆತ್ತಿ ಸಪಾಟಾಗುವ ಎತ್ತರ, ದಡದ ಕಡಿದು ಇಳಿಜಾರು ಮುಗಿದು ಬಯಲು ಶುರುವಾಗುವ ಅಂಚು, ಗಟ್ಟಿ ಕಾಂಡದ ಗಿಡ ಶುರುವಾಗುವ ಗೆರೆ. ಒಂದೇ ಗುರುತನ್ನು ನಂಬಬೇಡಿ. ಮೂರೂ ಒಂದೇ ಎತ್ತರ ತೋರಿಸುವ ಜಾಗ ಸಿಗುವವರೆಗೆ ನಡೆಯಿರಿ.

ಆ ಒಳ್ಳೆಯ ಜಾಗದಲ್ಲಿ ಅಗಲ 3 ಮೀಟರ್, ಅತಿ ಆಳದಲ್ಲಿ 50 ಸೆಂ.ಮೀ., ಇಳಿಜಾರು ನೂರಕ್ಕೆ 0.9. ಕೆಟ್ಟ ತುಂಡಿನಲ್ಲಿ ದಡದ ಎತ್ತರ 1.6 ಮೀಟರ್, ಮೇಲಂಚಿನಲ್ಲಿ ಅಗಲ 4.5 ಮೀಟರ್, ತಳ 2 ಮೀಟರ್, ಇಳಿಜಾರು ನೂರಕ್ಕೆ 1.2. ತಳ 1.1 ಮೀಟರ್ ಇಳಿದಿದೆ ಎಂದಾಯಿತು.

ಆಮೇಲೆ ಕಲ್ಲೆಣಿಕೆ. ನದಿ ವಿಜ್ಞಾನಿ ಲೂನಾ ಲಿಯೊಪೋಲ್ಡ್ ಜೊತೆ ಕೆಲಸ ಮಾಡಿದ ರೆಡ್ಸ್ ವೋಲ್ಮನ್ 1954ರಲ್ಲಿ ಹೇಳಿಕೊಟ್ಟ ವಿಧಾನ ಇದು. ಇವತ್ತಿಗೂ ಇದಕ್ಕಿಂತ ಸುಲಭದ್ದು ಬಂದಿಲ್ಲ. ಹಳ್ಳಕ್ಕೆ ಅಡ್ಡಡ್ಡ ನಡೆಯುತ್ತ, ನೋಡದೆ ಬಗ್ಗಿ, ಬೆರಳ ತುದಿಗೆ ಮೊದಲು ತಾಗಿದ ಕಲ್ಲನ್ನು ಎತ್ತಬೇಕು. ಅದರ ಉದ್ದವೂ ಬೇಡ, ದಪ್ಪವೂ ಬೇಡ, ನಡುವಿನ ಅಳತೆ ಬರೆದುಕೊಳ್ಳಬೇಕು. ಹೀಗೆ 100 ಕಲ್ಲು. ಕಷ್ಟ ಇರುವುದು ನೋಡದೆ ಎತ್ತುವುದರಲ್ಲಿ. ಕೈ ಸುಮ್ನೆ ಚೆಂದದ ಕಲ್ಲಿನ ಕಡೆ ಹೋಗುತ್ತದೆ. ಒಳ್ಳೆಯ ಜಾಗದಲ್ಲಿ ನಡುಗಾತ್ರ 35 ಮಿ.ಮೀ. ಬಂತು, ಅಂದರೆ ಅರ್ಧದಷ್ಟು ಕಲ್ಲು ಅದಕ್ಕಿಂತ ಚಿಕ್ಕವು. ಕೆಟ್ಟ ತುಂಡಿನಲ್ಲಿ ಎಣಿಸಲು ಕಲ್ಲೇ ಸಾಲಲಿಲ್ಲ. ಹೆಚ್ಚಿನ ಕಡೆ ಜೇಡಿಮಣ್ಣಿನ ತಳ ಬೆತ್ತಲಾಗಿತ್ತು.

ಯಾಕೆ ಸಾಲಲಿಲ್ಲ ಅನ್ನೋದಕ್ಕೂ ಲೆಕ್ಕ ಇದೆ. ನೀರು ತಳವನ್ನು ಉಜ್ಜುವ ಬಲವನ್ನು ನೀರಿನ ಸಾಂದ್ರತೆ, ಗುರುತ್ವ, ಜಲತ್ರಿಜ್ಯ, ಇಳಿಜಾರು ಇವುಗಳ ಗುಣಾಕಾರದಿಂದ ಅಂದಾಜು ಮಾಡಬಹುದು. ಜಲತ್ರಿಜ್ಯ ಎಂದರೆ ಹರಿವಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಅದರಲ್ಲಿ ನೆನೆದ ಅಂಚಿನ ಉದ್ದದಿಂದ ಭಾಗಿಸಿದ್ದು. ಒಳ್ಳೆಯ ಜಾಗದಲ್ಲಿ ದಡತುಂಬ ಹರಿದಾಗ ಇದು ಸುಮಾರು 0.32 ಮೀಟರ್. ಬಲ ಚದರ ಮೀಟರಿಗೆ 28 ನ್ಯೂಟನ್ ಆಸುಪಾಸು. ಕೊರಕಲಿನಲ್ಲಿ 1.2 ಮೀಟರ್ ಆಳ ಹರಿದಾಗ ಜಲತ್ರಿಜ್ಯ ಸುಮಾರು 0.7, ಬಲ 82 ನ್ಯೂಟನ್. ಜಲ್ಲಿ ಅಲುಗಲು ಬೇಕಾದ ಬಲವನ್ನು ಆಲ್ಬರ್ಟ್ ಶೀಲ್ಡ್ಸ್ ಎಂಬ ಎಂಜಿನಿಯರ್ 1936ರಲ್ಲಿ ಕೊಟ್ಟ ಸಂಬಂಧದಿಂದ ಲೆಕ್ಕ ಹಾಕಿದರೆ, ಕಲ್ಲಿನ ಪ್ರತಿ ಮಿಲಿಮೀಟರಿಗೆ ಹೆಚ್ಚುಕಡಿಮೆ 0.73 ನ್ಯೂಟನ್. ಹಾಗಾಗಿ ಒಳ್ಳೆಯ ಜಾಗದ ನೀರು 38 ಮಿ.ಮೀ. ಕಲ್ಲಿನವರೆಗೆ ಅಲುಗಿಸುತ್ತದೆ, ಅಂದರೆ ಅಲ್ಲಿನ ನಡುಗಾತ್ರಕ್ಕೆ ಸರಿಹೊಂದುವಷ್ಟು. ಕೊರಕಲಿನ ನೀರು 112 ಮಿ.ಮೀ. ಕಲ್ಲನ್ನೂ ಹೊತ್ತೊಯ್ಯುತ್ತದೆ. ಮೇಲಿನಿಂದ ಬಂದ ಜಲ್ಲಿಯೆಲ್ಲ ನಿಲ್ಲದೆ ಮೋರಿ ದಾಟಿ ಹೋಗುತ್ತಿತ್ತು.

ಇನ್ನೊಂದು ಅಂಕಿ, ಹಳ್ಳ ನದಿಗಳನ್ನು ವರ್ಗೀಕರಿಸುವ ಡೇವ್ ರಾಸ್ಗೆನ್ ಅವರ ಪದ್ಧತಿಯದು. ದಡತುಂಬ ಹರಿವಿನ ಆಳದ ಎರಡರಷ್ಟು ಎತ್ತರದಲ್ಲಿ ನೀರಿಗೆ ಸಿಗುವ ಅಗಲವನ್ನು ದಡತುಂಬ ಅಗಲದಿಂದ ಭಾಗಿಸಬೇಕು. 1.4ಕ್ಕಿಂತ ಕಡಿಮೆ ಬಂದರೆ ಹಳ್ಳ ಕೊರಕಲಿನಲ್ಲಿ ಸಿಕ್ಕಿಕೊಂಡಿದೆ. 2.2ಕ್ಕಿಂತ ಹೆಚ್ಚಿದ್ದರೆ ನೆರೆ ಹರಡಿಕೊಳ್ಳಲು ಜಾಗ ಇದೆ. ನಮ್ಮದು 1.3. ಈ ವರ್ಗೀಕರಣದ ಬಗ್ಗೆ ತಜ್ಞರಲ್ಲಿ ಜಗಳ ಇದೆ. ಆದರೆ ಈ ಒಂದು ಅಂಕಿ ಬಲು ಉಪಯೋಗ. 3 ಮೀಟರ್ ಅಗಲದ ಹಳ್ಳ 2.2 ಮುಟ್ಟಬೇಕಾದರೆ ಕೊರಕಲಿನೊಳಗೆ 6.6 ಮೀಟರ್ ಬೇಕು. ದಡದ ಇಳಿಜಾರು ಸೇರಿಸಿದರೆ ಎರಡೂ ಕಡೆ ತಲಾ 2 ಮೀಟರ್ ನೆಲ ಹಳ್ಳಕ್ಕೆ ಬಿಟ್ಟುಕೊಡಬೇಕು. ಜಾಗದವರ ಜೊತೆ ಮಾತಾಡುವಾಗ "ಪರಿಸರಕ್ಕೆ ಒಳ್ಳೆಯದು" ಎನ್ನುವುದಕ್ಕಿಂತ "2 ಮೀಟರ್, ಇಲ್ಲಿಂದ ಇಲ್ಲಿಗೆ" ಎಂದು ಗೂಟ ಹೊಡೆದು ತೋರಿಸಿದ್ದು ಕೆಲಸಕ್ಕೆ ಬಂತು.

ಮೊದಲು ಮೇಲಿನ ನೀರು

ಹಳ್ಳಕ್ಕೆ ಕೈ ಹಾಕುವ ಮೊದಲು ಅನುಮತಿ ತೆಗೆದುಕೊಳ್ಳಬೇಕು, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಾದ ಮೇಲಿನ ಮೊದಲ ಕೆಲಸ ಹಳ್ಳದ ಹೊರಗೇ ಆಯಿತು. ರಸ್ತೆ ಚರಂಡಿಯ ನೀರು ಪೈಪಿನಲ್ಲಿ ನೇರ ಹಳ್ಳಕ್ಕೆ ಸುರಿಯುತ್ತಿತ್ತು. ಅದನ್ನು ತಿರುಗಿಸಿ, ಹುಲ್ಲು ಬೆಳೆದ ಅಗಲವಾದ ಆಳವಿಲ್ಲದ ಕಾಲುವೆಗೆ ಬಿಟ್ಟೆವು. ಇಳಿಜಾರಿನಲ್ಲಿ ಸಮಮಟ್ಟದ ಗೆರೆ ಹಿಡಿದು ಇಂಗುಗುಂಡಿ ತೋಡಿದೆವು. ಬೆವರು ಸುರಿದದ್ದು ಇಲ್ಲೇ ಜಾಸ್ತಿ, ಬರೆಯಲು ಮಾತ್ರ ಹೆಚ್ಚೇನಿಲ್ಲ.

ಹೆಡ್‌ಕಟ್

ಕೆಟ್ಟ ತುಂಡಿನ ಮೇಲ್ತುದಿಯಲ್ಲಿ ತಳ ಒಮ್ಮೆಲೇ ಮೆಟ್ಟಿಲಿನಂತೆ ಇಳಿಯುತ್ತಿತ್ತು. ದೊಡ್ಡ ಮೆಟ್ಟಿಲು 70 ಸೆಂ.ಮೀ., ಅದರ ಕೆಳಗೆ ಇನ್ನೆರಡು ಚಿಕ್ಕವು. ಇದೇ ಹೆಡ್‌ಕಟ್. ಮೋರಿಯ ಹತ್ತಿರ ಹುಟ್ಟಿ ಮೇಲಕ್ಕೆ ನಡೆದುಕೊಂಡು ಬಂದಿದೆ. ಬೀಳುವ ನೀರು ಬುಡದಲ್ಲಿ ಗುಂಡಿ ತೋಡುತ್ತದೆ, ಮೇಲಿನ ಅಂಚು ಆಸರೆ ತಪ್ಪಿ ಮುರಿಯುತ್ತದೆ, ಮೆಟ್ಟಿಲು ಒಂದು ಹೆಜ್ಜೆ ಮೇಲೆ ಸರಿಯುತ್ತದೆ. ಬಿಟ್ಟರೆ ಆ ಒಳ್ಳೆಯ ಜಾಗವನ್ನೂ ನುಂಗುತ್ತಿತ್ತು. ಉಳಿದದ್ದೆಲ್ಲ ಕಾಯಬಹುದು, ಇದು ಕಾಯುವುದಿಲ್ಲ.

ಅಮೆರಿಕದಲ್ಲಿ ಹಳ್ಳಗಳ ದುರಸ್ತಿ ಮಾಡಿದ ಬಿಲ್ ಜೀಡಿಕ್ ಬಳಕೆಗೆ ತಂದ ಜುನಿ ಬೌಲ್ ಎಂಬ ರಚನೆಯನ್ನು ಆರಿಸಿದೆವು. ಒಂದು ದೊಡ್ಡ ಬೀಳನ್ನು ಎರಡು ಮೂರು ಚಿಕ್ಕ ಬೀಳುಗಳಾಗಿ ಒಡೆಯುವುದು, ನಡುವೆ ಕಲ್ಲು ಹಾಸಿದ ಮಡು ಇಡುವುದು. ಮೊದಲು ಮೆಟ್ಟಿಲಿನ ಮುಖವನ್ನು ಸ್ವಲ್ಪ ಇಳಿಜಾರಾಗಿ ಕೆತ್ತಿದೆವು. ಸಡಿಲ ಮಣ್ಣು ಪೂರ್ತಿ ತೆಗೆದೆವು. ಬುಡದಲ್ಲಿ ಬೋಗುಣಿಯಂತೆ ಅಗೆದು, ದೊಡ್ಡ ಚಪ್ಪಟೆ ಕಲ್ಲುಗಳನ್ನು ತಳಕ್ಕೆ ಹಾಸಿದೆವು. ಆಮೇಲೆ ಮುಖಕ್ಕೆ ಆನಿಸಿ ಸಾಲುಸಾಲಾಗಿ ಮೇಲೆ ಬಂದೆವು. ಪ್ರತಿ ಕಲ್ಲೂ ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಕೂರಬೇಕು. ಸಂದಿಗೆ ಚಿಕ್ಕ ಕಲ್ಲು ತುರುಕಿ ಹಾರೆಯ ಹಿಂಬದಿಯಿಂದ ಬಿಗಿ ಮಾಡಬೇಕು. ಸಿಮೆಂಟು ಬೇಡ. ಕಲ್ಲುಗಳು ಚೂರು ಕದಲಿ ಮತ್ತೆ ಕೂರಬೇಕು, ನಡುವೆ ಬೇರು ಇಳಿಯಬೇಕು.

ಎಲ್ಲಕ್ಕಿಂತ ನಾಜೂಕಿನ ಜಾಗ ಮೇಲಂಚು. ಅಲ್ಲಿನ ಕೊನೆಯ ಸಾಲಿನ ನೆತ್ತಿ ಮೇಲಿನ ತಳದ ಮಟ್ಟಕ್ಕಿಂತ ಒಂದು ಬೆರಳೂ ಎತ್ತರ ಇರಬಾರದು. ಇದ್ದರೆ ನೀರು ಬದಿಗೆ ತಿರುಗಿ, ರಚನೆಯನ್ನು ಸುತ್ತಿಹಾಕಿ, ಪಕ್ಕದಲ್ಲಿ ಹೊಸ ಹೆಡ್‌ಕಟ್ ಶುರುಮಾಡುತ್ತದೆ. ಪ್ರತಿ ಕಲ್ಲು ಇಟ್ಟಾಗಲೂ ಪೈಪು ಹಿಡಿದು ಮಟ್ಟ ನೋಡಿದೆವು. ಬೋಗುಣಿಯ ಕೆಳಗೆ, ಹಳ್ಳಕ್ಕೆ ಅಡ್ಡಲಾಗಿ, ಒಂದೇ ಕಲ್ಲಿನ ಎತ್ತರದ ಒಡ್ಡು ಹಾಕಿದೆವು. ಇದು ಜೀಡಿಕ್ ಅವರ ಇನ್ನೊಂದು ರಚನೆ. ಎತ್ತರ ಒಂದೇ ಕಲ್ಲು, ಆದರೆ ಉದ್ದುದ್ದಕ್ಕೆ ಹಲವು ಸಾಲು. ಕಲ್ಲಿನ ಮೇಲೆ ಕಲ್ಲು ಪೇರಿಸಬೇಕು ಅನ್ನಿಸುತ್ತದೆ, ಪೇರಿಸಬಾರದು.

ಗೂಟ ಮತ್ತು ಹೆಣಿಗೆ

ಮೆಟ್ಟಿಲಿನ ಕೆಳಗಿನ ಉದ್ದಕ್ಕೆ ಕಲ್ಲಿನ ಬದಲು ಮರ. ಅಮೆರಿಕದ ಓರೆಗಾನ್ ರಾಜ್ಯದ ಬ್ರಿಡ್ಜ್ ಕ್ರೀಕ್‌ನಲ್ಲಿ 2009ರಿಂದ ಗೂಟ ಹೊಡೆದು ಕೊಂಬೆ ಹೆಣೆದು, ಬೀವರ್ (ಮರ ಕಡಿದು ಹಳ್ಳಕ್ಕೆ ಒಡ್ಡು ಕಟ್ಟುವ ಪ್ರಾಣಿ) ಕಟ್ಟುವ ಅಣೆಕಟ್ಟಿನಂಥ ರಚನೆ ಮಾಡಿದ್ದರು. ಅಲ್ಲಿ ಆ ರಚನೆಗಳಿಗೆ ಬೀವರ್‌ಗಳೂ ಕೈಜೋಡಿಸಿದವು. ಇಲ್ಲಿ ಬೀವರ್ ಇಲ್ಲ, ಪ್ರತಿ ಮಳೆಗಾಲದ ನಂತರ ದುರಸ್ತಿ ನಮ್ಮದೇ.

ಅಂತರಕ್ಕೆ ಲೆಕ್ಕ ಸುಲಭ. ರಚನೆಯ ಎತ್ತರ 40 ಸೆಂ.ಮೀ., ಇಳಿಜಾರು ನೂರಕ್ಕೆ 1.2. ಹಿಂದೆ ನಿಲ್ಲುವ ನೀರು ಸುಮಾರು 33 ಮೀಟರ್ ಹಿಂದಕ್ಕೆ ಮುಟ್ಟುತ್ತದೆ. ಅದಕ್ಕಿಂತ ಸ್ವಲ್ಪ ಹತ್ತಿರ ಇಟ್ಟರೆ ಕೆಳಗಿನ ರಚನೆಯ ನೀರು ಮೇಲಿನದರ ಬುಡ ಮುಟ್ಟಿ ಅಲ್ಲಿನ ಕೊರೆತ ತಡೆಯುತ್ತದೆ. 28 ಮೀಟರಿಗೊಂದು ಇಟ್ಟೆವು.

ಗೂಟಗಳನ್ನು ತಳದೊಳಗೆ ಅರ್ಧ ಮೀಟರ್ ಇಳಿಯುವಂತೆ, 40 ಸೆಂ.ಮೀ. ಅಂತರದಲ್ಲಿ ಹೊಡೆದೆವು. ಕೊಂಬೆಗಳನ್ನು ಒಂದು ಗೂಟದ ಮುಂದೆ, ಇನ್ನೊಂದರ ಹಿಂದೆ ಹಾಯಿಸಿ ಹೆಣೆದೆವು. ಒಂದೊಂದು ಸಾಲು ಹೆಣೆದಾಗಲೂ ಮೇಲೆ ಹತ್ತಿ ತುಳಿಯಬೇಕು, ಇಲ್ಲದಿದ್ದರೆ ಕೆಳಗೆ ಸಂದು ಉಳಿಯುತ್ತದೆ. ಮೇಲುಬದಿಗೆ ಹುಲ್ಲಿನ ಹೆಂಟೆ, ಜಲ್ಲಿ, ಕೆಸರು. ಕೆಳಬದಿಗೆ ಕೊಂಬೆಗಳ ಹಾಸು, ತುದಿ ಕೆಳಕ್ಕೆ ಮಾಡಿ. ಧುಮುಕುವ ನೀರಿನ ಪೆಟ್ಟು ತಳಕ್ಕೆ ತಾಗಬಾರದು. ನೀರು ಸೋರಲಿ. ಸೋರದಂತೆ ಗಿಡಿದು ಮುಚ್ಚಿದರೆ ಅದು ಅಣೆಕಟ್ಟು, ಒಂದೇ ನೆರೆಗೆ ಹಾರುತ್ತದೆ.

ಎರಡು ಅಡ್ಡ ರಚನೆಗಳ ನಡುವೆ ಅರ್ಧ ರಚನೆಗಳನ್ನೂ ಹಾಕಿದೆವು. ಇವು ಒಂದು ದಡಕ್ಕೆ ಅಂಟಿಕೊಂಡು, ಹಳ್ಳದ ಅಗಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಚಾಚುತ್ತವೆ. ನೀರು ಎದುರು ದಡಕ್ಕೆ ತಳ್ಳಲ್ಪಟ್ಟು ಅದನ್ನು ಕೊರೆಯುತ್ತದೆ. ಒಮ್ಮೆ ಎಡ, ಒಮ್ಮೆ ಬಲ. ನಾವು ಬೇಕೆಂದೇ ದಡ ಕೆಡವುವುದು ಕಂಡು ಊರವರಿಗೆ ತಲೆ ಕೆಟ್ಟಿದೆ ಅನ್ನಿಸಿದ್ದರೆ ಅಚ್ಚರಿಯಿಲ್ಲ. ಆದರೆ ಕುಸಿದ ಮಣ್ಣು, ಜಲ್ಲಿಯೇ ಕೆಳಗಿನ ರಚನೆಯನ್ನು ತುಂಬುವ ಸಾಮಗ್ರಿ. ಹೊರಗಿನಿಂದ ತಂದು ಸುರಿಯುವ ಪ್ರಶ್ನೆಯೇ ಇಲ್ಲ. ಹಳ್ಳದ ತಿರುವುಗಳ ಒಂದು ಪೂರ್ತಿ ಅಲೆ ಸಾಮಾನ್ಯವಾಗಿ ಅಗಲದ 10ರಿಂದ 14ರಷ್ಟು ಉದ್ದ ಇರುತ್ತದೆ. 3 ಮೀಟರ್ ಹಳ್ಳಕ್ಕೆ 30ರಿಂದ 42 ಮೀಟರ್. ಅರ್ಧ ರಚನೆಗಳ ಜಾಗ ಆರಿಸಿದ್ದು ಈ ಲೆಕ್ಕದಲ್ಲಿ. ಹಳೆಯ ತಿರುವು ಪಕ್ಕದಲ್ಲೇ ಇದ್ದ ಕಡೆ ನೀರನ್ನು ಅತ್ತ ತಿರುಗಿಸಿದೆವು.

12 ಮೀಟರ್ ಉದ್ದಕ್ಕೆ ಮಾತ್ರ ನಾವೇ ದಡ ಅಗೆದು ನೆರೆಬಯಲಿಗೆಂದು ಮೆಟ್ಟಿಲಿನಂಥ ಸಪಾಟು ನೆಲ ಮಾಡಿದೆವು, ತಳದಿಂದ 50 ಸೆಂ.ಮೀ. ಎತ್ತರದಲ್ಲಿ, 1 ಮೀಟರ್ ಅಗಲ. 13 ಘನ ಮೀಟರ್ ಮಣ್ಣು. ಗುದ್ದಲಿ ಹಿಡಿದವರಿಗೆ ಇದರ ಅರ್ಥ ಗೊತ್ತು. ಉಳಿದದ್ದನ್ನು ನೀರಿಗೇ ಬಿಡುವ ತೀರ್ಮಾನ ಅಲ್ಲೇ ಗಟ್ಟಿಯಾಯಿತು. ಮೋರಿಯ ಹತ್ತಿರದ ಕೊನೆಯ 15 ಮೀಟರಿನಲ್ಲಿ ಮಾತ್ರ ದಡದ ಬುಡಕ್ಕೆ ದೊಡ್ಡ ಕಲ್ಲು ಕೂರಿಸಿದೆವು. ಅಲ್ಲಿ ರಸ್ತೆ ಇದೆ, ಅಲ್ಲಿ ಕುಸಿಯುವಂತಿಲ್ಲ.

ಗಿಡ

ಕುಸಿಯುವ ದಡದ ಅಂಚಿನಲ್ಲೇ ಮರದ ಸಸಿ ನೆಡುವುದನ್ನು ಬಹಳ ಕಡೆ ನೋಡಿದ್ದೇನೆ. ಬೇರು ಬಿಡುವ ಮೊದಲೇ ಅದು ನೀರಲ್ಲಿರುತ್ತದೆ. ನಾವು ಜಾಗದವರಿಗೆ ತೋರಿಸಲು ಹೊಡೆದ 2 ಮೀಟರಿನ ಗೂಟದ ಗೆರೆಯ ಹೊರಗೆ, ದಡದಿಂದ 3 ಮೀಟರ್ ಹಿಂದೆ ನೆಟ್ಟೆವು. ಹಳ್ಳ ಅಲ್ಲಿಗೆ ಬರುವ ಹೊತ್ತಿಗೆ ಬೇರು ಸಿದ್ಧವಿರಬೇಕು. ನೀರಿನಂಚಿಗೆ ಕಡ್ಡಿಯಿಂದ ಚಿಗುರುವ ಜಾತಿಗಳು, ಮುಕ್ಕಾಲು ಪಾಲು ನೆಲದೊಳಗೆ, ಬುಡ ಸದಾ ತೇವ ಮುಟ್ಟುವಷ್ಟು ಆಳಕ್ಕೆ. ಅಗೆದ ಇಳಿಜಾರಿಗೆ ಲಾವಂಚ, 15 ಸೆಂ.ಮೀ.ಗೊಂದು ಬುಡ, ಸಮಮಟ್ಟದ ಸಾಲಿನಲ್ಲಿ. ಲಾವಂಚಕ್ಕೆ ನೆರಳು ಆಗದು, ಮರ ಬೆಳೆಯುವ ಕಡೆ ಅದನ್ನು ನಂಬಿ ಕೂರಬೇಡಿ. ದನ ಬಾರದಂತೆ ಬೇಲಿ ಹಾಕದಿದ್ದರೆ ಇದೆಲ್ಲ ವ್ಯರ್ಥ.

ಮಳೆಗಾಲದ ನಂತರ

ಅಡ್ಡಕೊಯ್ತದ ಗೆರೆಗಳಿಗೆ ಎರಡೂ ಬದಿ, ಕುಸಿತ ಮುಟ್ಟದಷ್ಟು ದೂರದಲ್ಲಿ, ಕಬ್ಬಿಣದ ಗೂಟ ಹೊಡೆದಿದ್ದೆವು. ಅದೇ ಗೂಟಗಳ ನಡುವೆ ಮತ್ತೆ ಹುರಿ ಎಳೆದು ಅಳೆದೆವು. ಮೇಲಿನಿಂದ ಎರಡನೇ ರಚನೆಯ ಹಿಂದೆ ತಳ 18 ಸೆಂ.ಮೀ. ಏರಿದೆ. ಮೂರನೆಯದರ ಎದುರಿನ ದಡ 35 ಸೆಂ.ಮೀ. ಹಿಂದೆ ಸರಿದಿದೆ, ಎದುರಿಗೆ ಜಲ್ಲಿಯ ಹೊಸ ದಿಬ್ಬ ಬಿದ್ದಿದೆ. ಬೆತ್ತಲಾಗಿದ್ದ ಜೇಡಿಯ ಮೇಲೆ ಈಗ ಕಲ್ಲೆಣಿಕೆ ಮಾಡಬಹುದು. ನಾಲ್ಕನೆಯ ರಚನೆಯ ಅರ್ಧ ಕಿತ್ತುಹೋಗಿತ್ತು. ಅದರ ಕೊಂಬೆಗಳು ಐದನೆಯದರಲ್ಲಿ ಸಿಕ್ಕಿ ಅದನ್ನು ಇನ್ನಷ್ಟು ದಪ್ಪ ಮಾಡಿದ್ದವು. ಈ ಪದ್ಧತಿಯಲ್ಲಿ ಇದು ನಷ್ಟವಲ್ಲ. ಒಂದು ರಚನೆ ಹೋದರೂ ಸಾಲು ಉಳಿಯಬೇಕು ಅಂತಲೇ ಇಷ್ಟೊಂದು ಹಾಕುವುದು. ಎರಡನೆಯದನ್ನು ನೀರು ಎಡಬದಿಯಿಂದ ಸುತ್ತಿತ್ತು. ಅಲ್ಲಿ ಹಳ್ಳ ಅಗಲವಾಗಬೇಕಿದ್ದದ್ದೇ, ಹಾಗಾಗಿ ಮುಚ್ಚಲಿಲ್ಲ. ಗೂಟದ ಸಾಲನ್ನು ಅತ್ತ ಇನ್ನೊಂದು ಮೀಟರ್ ಮುಂದುವರಿಸಿದೆವು.

ಹೆಡ್‌ಕಟ್ ನಿಂತ ಜಾಗದಿಂದ ಕದಲಿಲ್ಲ. ಬೋಗುಣಿಯ ಬಲಬದಿಯಲ್ಲಿ ಒಂದು ಕಲ್ಲು ಜಾರಿತ್ತು. ಅದನ್ನು ಎತ್ತಿ ಹಿಂದೆ ಜಲ್ಲಿ ತುಂಬಿ ಮತ್ತೆ ಕೂರಿಸಿದೆವು. ರಾಸ್ಗೆನ್ ಪದ್ಧತಿಯ ಅಂಕಿ 1.3ರಿಂದ ಹೆಚ್ಚಿನ ಗೆರೆಗಳಲ್ಲಿ 1.5ಕ್ಕೆ ಬಂದಿದೆ. ನಾವೇ ಅಗೆದ 12 ಮೀಟರಿನಲ್ಲಿ ಇನ್ನೂ ಹೆಚ್ಚು.

ಮುಂದಿನ ಮಳೆಗೆ ಮೊದಲು ಮಾಡಬೇಕಾದ್ದು ಇವು. ತುಂಬುತ್ತಿರುವ ಎರಡನೇ ರಚನೆಯ ಮೇಲೆ 20 ಸೆಂ.ಮೀ. ಹೊಸ ಹೆಣಿಗೆ. ನಾಲ್ಕನೆಯದನ್ನು ಮೊದಲಿನ ಜಾಗದಲ್ಲಿ ಕಟ್ಟುವುದಿಲ್ಲ, ಕೆಳಗೆ ಬಿದ್ದ ಹೊಸ ದಿಬ್ಬದ ತಲೆಗೆ ಸರಿಸುತ್ತೇವೆ. ಮೋರಿಯ ಬಾಯಿಗೆ ಕೊಂಬೆ ಸಿಕ್ಕದಂತೆ ಅದರ 10 ಮೀಟರ್ ಮೇಲೆ ನಾಲ್ಕು ಬಲವಾದ ಗೂಟಗಳ ಸಾಲು. ಗೂಟಗಳು ಬಂದಿವೆ, ತುದಿ ಚೂಪು ಮಾಡಬೇಕು.